ಹೆಸರಿಲ್ಲದ ನಕ್ಷತ್ರ

೧೯೪೪ರ ಮಾರ್ಚ್ ೧ರಂದು ರುಮೇನಿಯಾದ ರಾಜಧಾನಿ ಬುಕಾರೆಸ್ಟಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ ಒಂದು ಹೊಸ ನಾಟಕದ ಮೊದಲ ಪ್ರಯೋಗ ನಡೆಯಿತು. ನಾಟಕದ ಹೆಸರು ‘ಹೆಸರಿಲ್ಲದ ನಕ್ಷತ್ರ’. ಬರೆದವನು ವಿಕ್ಟರ್ ಮಿಂಕು ಎಂದು ಪ್ರಕಟವಾಗಿತ್ತು. ಎರಡನೆಯ ಮಹಾಯುದ್ಧದ ಐದನೆಯ ವರ್ಷ ಅದು. ರುಮೇನಿಯಾ ಹಿಟ್ಲರನ ಜರ್ಮನಿಯ ಪಕ್ಷ ವಹಿಸಿ ಯುದ್ಧಕ್ಕಿಳಿದಿತ್ತು. ಪೂರ್ವದ ರಣರಂಗದಲ್ಲಿ ಅದರ ಸೇನೆ ಹಿಮ್ಮೆಟ್ಟುತ್ತಲಿತ್ತು. ಅಂಥ ದಿನಗಳಲ್ಲಿ ರಾಜಧಾನಿಯ ಜನ ಬಂದು ಕುಳಿತು ನೋಡಿದ್ದು ಒಂದು ಸಣ್ಣ ಊರಿನ ಶಾಲಾ ಉಪಾಧ್ಯಾಯನ ಒಂದು ರಾತ್ರಿಯ ಪ್ರೇಮದ ಕಥೆಯನ್ನು.

ವಿಕ್ಟರ್ ಮಿಂಕು ಎಂಬ ಹೆಸರು ಒಂದು ಮುಸುಕು. ಅದರ ಹಿಂದೆ ಇದ್ದವನು ಮಿಹಾಯ್ಲ್ ಸೆಬಾಸ್ಟಿಯನ್. ಆಗಲೇ ನಾಲ್ಕು ಕಾದಂಬರಿಗಳನ್ನೂ ಒಂದು ಯಶಸ್ವಿ ನಾಟಕವನ್ನೂ ಬರೆದು ತನ್ನ ನಾಡಿನಲ್ಲಿ ಹೆಸರಾಗಿದ್ದ ಲೇಖಕ. ಆದರೆ ಅವನು ಹುಟ್ಟಿನಿಂದ ಯೆಹೂದ್ಯ. ಯೆಹೂದ್ಯನ ನಾಟಕವನ್ನು ಆಡುವುದಕ್ಕೆ ಅಂದಿನ ರುಮೇನಿಯಾದ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹೀಗೆ ಹೆಸರಿಲ್ಲದ ನಕ್ಷತ್ರವನ್ನು ಕುರಿತ ನಾಟಕ, ತನ್ನ ಹೆಸರನ್ನು ಹೇಳಿಕೊಳ್ಳಲಾಗದ ಲೇಖಕನ ನಾಟಕವಾಗಿಯೇ ರಂಗವನ್ನೇರಿತು. ಇದು ಕಾಕತಾಳೀಯವೇ, ಅಥವಾ ಲೇಖಕ ತನ್ನ ಸ್ಥಿತಿಯನ್ನೇ ಕಥೆಯ ಒಳಗೆ ಅಡಗಿಸಿಟ್ಟನೇ ಎಂಬ ಪ್ರಶ್ನೆ ಈ ನಾಟಕವನ್ನು ಓದಿದಂದಿನಿಂದ ನನ್ನನ್ನು ಬಿಟ್ಟಿಲ್ಲ. ರುಮೇನಿಯನ್ ಭಾಷೆಯನ್ನು ನಾನು ಬಲ್ಲವನಲ್ಲ. ಇಂಗ್ಲಿಷ್ ಅನುವಾದದ ಮೂಲಕವೇ ಇದನ್ನು ಕಂಡವನು. ಆದರೂ ಈ ಪ್ರಶ್ನೆಯನ್ನು ಕೇಳುಗರ ಮುಂದೆ ಇಡಬೇಕೆನಿಸಿತು.

ಮೊದಲು ನಾಟಕದ ಕಥೆ. ಮೂರು ಅಂಕಗಳ ನಾಟಕ ಇದು. ಮೊದಲನೆಯ ಅಂಕ ನಡೆಯುವುದು ಒಂದು ಸಣ್ಣ ಊರಿನ ರೈಲು ನಿಲ್ದಾಣದಲ್ಲಿ. ರಾಜಧಾನಿ ಬುಕಾರೆಸ್ಟಿಗೂ ಬೆಟ್ಟಗಳ ನಡುವಿನ ಸಿನಾಯ ಎಂಬ ವಿಹಾರಧಾಮಕ್ಕೂ ನಡುವೆ ಓಡಾಡುವ ಒಂದು ಡೀಸೆಲ್ ಎಕ್ಸ್‌ಪ್ರೆಸ್ ಗಾಡಿ ದಿನವೂ ಸಂಜೆ ಆ ನಿಲ್ದಾಣವನ್ನು ದಾಟಿ ಹೋಗುತ್ತದೆ. ಸಿನಾಯ ಶ್ರೀಮಂತರ ಊರು. ಅಲ್ಲಿ ಅರಮನೆಯಿದೆ, ಜೂಜಿನ ಭವನವಿದೆ. ಈ ಗಾಡಿ ಸಣ್ಣ ಊರಿನಲ್ಲಿ ನಿಲ್ಲುವುದಿಲ್ಲ. ಬೆಳಕು ತುಂಬಿದ ಕಿಟಕಿಗಳು ಕಣ್ಣೆದುರು ಒಂದು ಕ್ಷಣ ಸರಿದು ಮರೆಯಾಗುತ್ತವೆ. ಆ ಒಂದು ಕ್ಷಣವನ್ನು ನೋಡುವುದಕ್ಕೆಂದೇ ಊರಿನ ಹೆಣ್ಣುಮಕ್ಕಳ ಶಾಲೆಯ ವಿದ್ಯಾರ್ಥಿನಿಯರು ಕದ್ದು ನಿಲ್ದಾಣಕ್ಕೆ ಬರುತ್ತಾರೆ. ಅವರನ್ನು ಹಿಡಿಯಲು ಕುಮಾರಿ ಕುಕು ಎಂಬ ಉಪಾಧ್ಯಾಯಿನಿ ಬರುತ್ತಾಳೆ. ಇಡೀ ಊರಿನ ಶಿಸ್ತನ್ನು ತನ್ನ ಹೆಗಲ ಮೇಲೆ ಹೊತ್ತವಳು ಅವಳು. ನಾವೆಲ್ಲರೂ ನಮ್ಮ ನಮ್ಮ ಶಾಲೆಯ ದಿನಗಳಲ್ಲಿ ಅಂಥ ಒಬ್ಬರನ್ನಾದರೂ ಕಂಡಿದ್ದೇವೆ.

ಆ ಸಂಜೆ ನಿಲ್ದಾಣಕ್ಕೆ ಇನ್ನೊಬ್ಬನೂ ಬಂದಿದ್ದಾನೆ. ಮರೀನ್ ಮಿರೋಯು, ಶಾಲೆಯ ಗಣಿತ-ಖಗೋಳದ ಉಪಾಧ್ಯಾಯ. ಅವನು ಕಾಯುತ್ತಿರುವುದು ಒಂದು ಪುಸ್ತಕಕ್ಕಾಗಿ. ನಕ್ಷತ್ರಗಳನ್ನು ಕುರಿತ ಹಳೆಯ, ಅಪೂರ್ವ ಗ್ರಂಥ. ಬಡ ಉಪಾಧ್ಯಾಯ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣವನ್ನೆಲ್ಲ ಅದಕ್ಕೆ ಸುರಿದಿದ್ದಾನೆ. ಅವನ ಗೆಳೆಯ ಉದ್ರಿಯಾ ಎಂಬ ಸಂಗೀತದ ಮೇಷ್ಟರದು ಬೇರೊಂದು ಕಷ್ಟ. ಅವನು ಒಂದು ಸಿಂಫನಿಯನ್ನು ರಚಿಸಿದ್ದಾನೆ. ಅದನ್ನು ನುಡಿಸಲು ಊರಿನಲ್ಲಿ ಒಂದೇ ಒಂದು ವಾದ್ಯ ಇಲ್ಲ: ಇಂಗ್ಲಿಷ್ ಹಾರ್ನ್ ಎಂದು ಕರೆಯುವ ಊದುವ ವಾದ್ಯ. ಆ ಒಂದು ವಾದ್ಯವಿಲ್ಲದೆ ಇಡೀ ರಚನೆ ಕಾಗದದ ಮೇಲೆಯೇ ಉಳಿದಿದೆ. ನಗು ಬರುತ್ತದೆ, ನಗುತ್ತಿರುವಾಗಲೇ ಇದು ನಗುವ ವಿಷಯವಲ್ಲ ಎಂದೂ ತೋರುತ್ತದೆ.

ಎಂದೂ ನಿಲ್ಲದ ಗಾಡಿ ಆ ಸಂಜೆ ನಿಲ್ಲುತ್ತದೆ. ಬೆಲೆಬಾಳುವ ಉಡುಪು ತೊಟ್ಟ ಒಬ್ಬ ತರುಣಿಯನ್ನು ಅದರಿಂದ ಕೆಳಗಿಳಿಸುತ್ತಾರೆ. ಅವಳಲ್ಲಿ ಟಿಕೆಟ್ಟಿಲ್ಲ, ಹಣವಿಲ್ಲ, ಗುರುತಿನ ಪತ್ರವಿಲ್ಲ. ಕೈಯಲ್ಲಿರುವುದು ಜೂಜಿನ ಭವನದ ಬಿಲ್ಲೆಗಳು ಮಾತ್ರ. ಹೆಸರು ಹೇಳಲೊಲ್ಲಳು. ನಿಲ್ದಾಣದ ಅಧಿಕಾರಿ ದಿಕ್ಕು ತೋಚದೆ ನಿಂತಿರುವಾಗ ಮಿರೋಯು ಮುಂದೆ ಬಂದು ಆ ರಾತ್ರಿಯ ಮಟ್ಟಿಗೆ ಅವಳಿಗೆ ತನ್ನ ಮನೆಯಲ್ಲಿ ತಂಗಲು ಸ್ಥಳ ಕೊಡುವುದಾಗಿ ಹೇಳುತ್ತಾನೆ.

ಎರಡನೆಯ ಅಂಕ ಮಿರೋಯುವಿನ ಮನೆಯಲ್ಲಿ. ಪುಸ್ತಕಗಳ ರಾಶಿ, ಸೌಕರ್ಯಗಳಿಲ್ಲದ ಕೋಣೆ, ಕಿಟಕಿಯಾಚೆ ಆಕಾಶ. ಮೊದಲು ಅವಳಿಗೆ ಎಲ್ಲವೂ ಅಸಹನೀಯವಾಗಿ ಕಾಣುತ್ತದೆ. ಮಾತು ಬೆಳೆದಂತೆ ಅವನು ತನ್ನ ಗುಟ್ಟನ್ನು ಬಿಟ್ಟುಕೊಡುತ್ತಾನೆ. ಈವರೆಗೆ ಯಾರೂ ಕಾಣದ ಒಂದು ನಕ್ಷತ್ರವನ್ನು ಅವನು ಕಂಡುಹಿಡಿದಿದ್ದಾನೆ. ದೂರದರ್ಶಕದಿಂದಲ್ಲ, ಕೇವಲ ಲೆಕ್ಕದಿಂದ. ಅದು ಅಲ್ಲಿ ಇರಲೇಬೇಕೆಂದು ಗಣಿತ ಹೇಳುತ್ತದೆ. ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಇದು ಕವಿಯ ಕಲ್ಪನೆ ಮಾತ್ರವಲ್ಲ. ೧೮೪೬ರಲ್ಲಿ ಫ್ರಾನ್ಸಿನ ಲವೆರಿಯೆ ಎಂಬ ಗಣಿತಜ್ಞ ಯುರೇನಸ್ ಗ್ರಹದ ಚಲನೆಯಲ್ಲಿ ಕಂಡ ವ್ಯತ್ಯಾಸವನ್ನು ಲೆಕ್ಕಹಾಕಿ, ಅದರಾಚೆ ಇನ್ನೊಂದು ಗ್ರಹ ಇಂಥ ಕಡೆ ಇರಬೇಕೆಂದು ತಿಳಿಸಿದ. ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಹುಡುಕಿದಾಗ ನೆಪ್ಚೂನ್ ಹೆಚ್ಚು ಕಡಿಮೆ ಅವನು ಹೇಳಿದ ಸ್ಥಳದಲ್ಲಿಯೇ ದೊರೆಯಿತು. ಮಿರೋಯು ಆ ಜಾತಿಯ ಮನುಷ್ಯ. ಆದರೆ ಅವನ ನಕ್ಷತ್ರವನ್ನು ಹುಡುಕಿ ನೋಡುವ ಬರ್ಲಿನ್ ಅವನಿಗಿಲ್ಲ.

ತನ್ನ ನಕ್ಷತ್ರಕ್ಕೆ ಅವನು ಇನ್ನೂ ಹೆಸರಿಟ್ಟಿಲ್ಲ. ಆ ರಾತ್ರಿ ಅಪರಿಚಿತೆಯ ಹೆಸರು ಮೋನ ಎಂದು ತಿಳಿದಾಗ ಅದನ್ನೇ ನಕ್ಷತ್ರಕ್ಕೆ ಇಡುತ್ತಾನೆ. ಇಷ್ಟೇ ನಾಟಕದ ಹೃದಯ. ಅವನಲ್ಲಿ ಕೊಡಲು ಬೇರೇನೂ ಇಲ್ಲ. ಕಣ್ಣಿಗೆ ಕಾಣದ ಒಂದು ನಕ್ಷತ್ರವನ್ನು ಕೊಟ್ಟುಬಿಡುತ್ತಾನೆ. ಜೂಜುಕೋರ ಶ್ರೀಮಂತನೊಬ್ಬನ ಒಡನಾಡಿಯಾಗಿ, ಒಂದು ಬೆಲೆಬಾಳುವ ವಸ್ತುವಿನಂತೆ ಬದುಕಿಬಂದ ಹೆಣ್ಣಿಗೆ ತನ್ನ ಹೆಸರು ಮೊದಲ ಬಾರಿಗೆ ಗೌರವದ ಮಾತಾಗಿ ಕೇಳಿಸುತ್ತದೆ.

ಮೂರನೆಯ ಅಂಕದಲ್ಲಿ ಬೆಳಗಾಗುತ್ತದೆ. ಗ್ರಿಗ್ ಎಂಬ ಆ ಶ್ರೀಮಂತ ಕಾರಿನಲ್ಲಿ ಅವಳನ್ನು ಹುಡುಕಿಕೊಂಡು ಬರುತ್ತಾನೆ. ಅವನು ಖಳನಲ್ಲ. ಲೋಕ ಕಂಡವನು, ನಗುತ್ತಾ ಮಾತಾಡುವವನು, ಆ ಕೋಣೆಯ ಬಡತನವನ್ನು ಒಂದೇ ನೋಟದಲ್ಲಿ ಅಳೆದುಬಿಡುವವನು. ಮೋನ ಇಲ್ಲಿಯೇ ಉಳಿಯುತ್ತೇನೆ ಎನ್ನುತ್ತಾಳೆ, ಮನಸಾರೆ ಎನ್ನುತ್ತಾಳೆ. ಆದರೂ ಹೋಗುತ್ತಾಳೆ. ಮತ್ತೆ ಬರುವಳೆಂಬ ನಂಬಿಕೆ ಮಿರೋಯುವಿಗೂ ಇಲ್ಲ. ಆಕಾಶದ ನಕ್ಷತ್ರಗಳು ತಮ್ಮ ದಾರಿಯನ್ನು ಬಿಟ್ಟು ಕದಲುವುದಿಲ್ಲ ಎಂಬುದು ಅವನು ಶಾಲೆಯಲ್ಲಿ ಕಲಿಸುವ ಪಾಠ. ಅದನ್ನೇ ಈಗ ಅವನು ತನಗೆ ತಾನು ಹೇಳಿಕೊಳ್ಳಬೇಕಾಗುತ್ತದೆ. ನಾಟಕ ಮುಗಿಯುತ್ತದೆ. ಸಾವಿಲ್ಲ, ಕಣ್ಣೀರಿನ ಕೋಡಿಯಿಲ್ಲ. ಅಂದಿನ ಸಂಜೆಯೂ ಆ ಗಾಡಿ ನಿಲ್ಲದೆ ಹೋಗುವುದೆಂದು ನಮಗೆ ಗೊತ್ತಾಗುತ್ತದೆ.

ನಾಟಕಕ್ಕೆ ಸೆಬಾಸ್ಟಿಯನ್ ಮೊದಲು ಇಟ್ಟುಕೊಂಡಿದ್ದ ಹೆಸರು ‘ಮಹಾ ಕರಡಿ’ ಎಂಬುದಾಗಿತ್ತು. ಪಾಶ್ಚಾತ್ಯರು ಕರಡಿಯೆಂದು ಕಾಣುವ ಆ ನಕ್ಷತ್ರಪುಂಜವೇ ನಮ್ಮ ಸಪ್ತರ್ಷಿ ಮಂಡಲ. ಅದರಲ್ಲಿ ವಸಿಷ್ಠನ ಪಕ್ಕದಲ್ಲಿ ಅರಸಿ ನೋಡಬೇಕಾದ ಸಣ್ಣ ತಾರೆಯನ್ನು ಅರುಂಧತಿ ಎಂದು ಕರೆದು, ಮದುವೆಯ ದಿನ ವಧುವಿಗೆ ತೋರಿಸುವ ಸಂಪ್ರದಾಯ ನಮ್ಮಲ್ಲಿ ಉಂಟು. ಕಂಡೂ ಕಾಣದ ಒಂದು ಬೆಳಕಿನ ಚುಕ್ಕೆಗೆ ಹೆಣ್ಣಿನ ಹೆಸರಿಟ್ಟು ನೆನೆಯುವ ಮಿರೋಯುವಿನ ಹುಚ್ಚು ನಮಗೆ ಅಷ್ಟೇನೂ ಅಪರಿಚಿತವಲ್ಲ.

ಇನ್ನು ಇದನ್ನು ಬರೆದವನ ಬದುಕು. ೧೯೦೭ರ ಅಕ್ಟೋಬರ್ ೧೮ರಂದು ಡಾನ್ಯೂಬ್ ನದಿಯ ದಂಡೆಯ ಬ್ರಾಯಿಲ ಎಂಬ ಬಂದರು ಪಟ್ಟಣದಲ್ಲಿ ಅವನು ಹುಟ್ಟಿದ. ತಂದೆತಾಯಿಗಳು ಇಟ್ಟ ಹೆಸರು ಯೋಸಿಫ್ ಹೆಖ್ಟರ್. ಮಿಹಾಯ್ಲ್ ಸೆಬಾಸ್ಟಿಯನ್ ಎಂಬುದು ಬರಹಕ್ಕಾಗಿ ತಾನೇ ಆರಿಸಿಕೊಂಡ ಹೆಸರು. ಅದರಲ್ಲಿ ಅವನ ಆಸೆಯೆಲ್ಲ ಅಡಗಿದೆ: ತಾನು ಯೆಹೂದ್ಯನೂ ಹೌದು, ಡಾನ್ಯೂಬಿನ ಮಗನೂ ಹೌದು, ರುಮೇನಿಯನ್ ಭಾಷೆಯ ಲೇಖಕನೂ ಹೌದು, ಇವುಗಳಲ್ಲಿ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಅಗತ್ಯ ತನಗೆ ಕಾಣದು ಎಂಬ ಆಸೆ.

ಬ್ರಾಯಿಲದಲ್ಲಿ ಶಾಲಾ ಶಿಕ್ಷಣದ ಕೊನೆಯ ಪರೀಕ್ಷೆಗೆ ಅಧ್ಯಕ್ಷನಾಗಿ ಬಂದಿದ್ದ ನಾಯೆ ಯೊನೆಸ್ಕು ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಈ ಹುಡುಗನ ಉತ್ತರಪತ್ರಿಕೆಯನ್ನು ಮೆಚ್ಚಿಕೊಂಡ. ಯೊನೆಸ್ಕು ಅಂದಿನ ಬುಕಾರೆಸ್ಟಿನಲ್ಲಿ ಬಹು ದೊಡ್ಡ ಹೆಸರು. ಅವನ ಮಾತಿಗೆ ಮರುಳಾಗದ ತರುಣರು ವಿರಳ. ಸೆಬಾಸ್ಟಿಯನ್ ರಾಜಧಾನಿಗೆ ಬಂದು ಕಾನೂನು ಓದಿದ. ಗುರು ನಡೆಸುತ್ತಿದ್ದ ‘ಕುವಂತುಲ್’ ಎಂಬ ಪತ್ರಿಕೆಯಲ್ಲಿ ಬರೆಯತೊಡಗಿದ. ನಡುವೆ ಪ್ಯಾರಿಸ್ಸಿಗೂ ಹೋಗಿಬಂದ. ೧೯೩೪ರಲ್ಲಿ ‘ಎರಡು ಸಾವಿರ ವರ್ಷಗಳಿಂದ’ ಎಂಬ ಕಾದಂಬರಿಯನ್ನು ಪ್ರಕಟಿಸಲು ಹೊರಟ. ವಿಶ್ವವಿದ್ಯಾನಿಲಯದಲ್ಲಿ ಪೆಟ್ಟು ತಿನ್ನುತ್ತ, ತಾನು ಯಾರು ಎಂದು ಕೇಳಿಕೊಳ್ಳುವ ಒಬ್ಬ ಯೆಹೂದ್ಯ ತರುಣನ ಆತ್ಮಶೋಧನೆ ಅದು. ಮುನ್ನುಡಿಯನ್ನು ಗುರುವಿನಿಂದ ಬಯಸಿದ.

ಅಷ್ಟರಲ್ಲಿ ಗುರು ಬದಲಾಗಿದ್ದ. ಯೆಹೂದ್ಯದ್ವೇಷವನ್ನೇ ಧರ್ಮವಾಗಿಸಿಕೊಂಡ ‘ಐರನ್ ಗಾರ್ಡ್’ ಎಂಬ ಉಗ್ರ ಪಕ್ಷದ ಕಡೆಗೆ ವಾಲಿದ್ದ. ಅವನು ಬರೆದುಕೊಟ್ಟ ಮುನ್ನುಡಿ ಶಿಷ್ಯನನ್ನು ಅವನ ಬರಹದ ಹೆಸರಿನಿಂದ ಕರೆಯದೆ ಹುಟ್ಟಿನ ಹೆಸರಿನಿಂದ ಕರೆಯಿತು. ಯೋಸಿಫ್ ಹೆಖ್ಟರ್ ಎಂಬವನು ಡಾನ್ಯೂಬಿನ ದಂಡೆಯವನಾಗಲಾರ, ಅವನು ಯೆಹೂದ್ಯ ಮಾತ್ರ, ಯೆಹೂದ್ಯನಿಗೆ ಸಂಕಟವೇ ಹಣೆಬರಹ ಎಂಬುದು ಅದರ ತಾತ್ಪರ್ಯ. ಇದನ್ನು ಓದಿದ ಶಿಷ್ಯನ ಮುಂದಿದ್ದ ಸುಲಭದ ದಾರಿಯೆಂದರೆ ಮುನ್ನುಡಿಯನ್ನು ಹರಿದು ಹಾಕುವುದು. ಸೆಬಾಸ್ಟಿಯನ್ ಹಾಗೆ ಮಾಡಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಅಚ್ಚುಹಾಕಿಸಿದ. ಬಲಪಂಥದವರು ಅವನನ್ನು ಯೆಹೂದ್ಯನೆಂದು ಜರೆದರು, ಯೆಹೂದ್ಯರಲ್ಲಿ ಹಲವರು ದ್ರೋಹಿಯೆಂದರು, ಎಡಪಂಥದವರೂ ಬಿಡಲಿಲ್ಲ. ಮರುವರ್ಷ ಅವನು ಎಲ್ಲರಿಗೂ ಉತ್ತರವಾಗಿ ‘ನಾನು ಪುಂಡನಾದದ್ದು ಹೇಗೆ’ ಎಂಬ ಹೊತ್ತಗೆಯನ್ನು ಬರೆದ. ಅಧ್ಯಾಪಕನಾಗಿ ಬಾಳಿದ ನನಗೆ ಈ ಮುನ್ನುಡಿಯ ಪ್ರಸಂಗ ಓದುವಾಗಲೆಲ್ಲ ಮನಸ್ಸು ಮುದುಡುತ್ತದೆ. ಶಿಷ್ಯನನ್ನು ಗುರುತಿಸಿ ಮೇಲಕ್ಕೆತ್ತಿದ ಕೈಯೇ ಅವನ ಹೆಸರನ್ನು ಕಿತ್ತುಕೊಂಡಿತು.

ಗೆಳೆಯರಾದರೂ ಜೊತೆಗಿದ್ದರೇ? ಸೆಬಾಸ್ಟಿಯನ್ನನ ಗೆಳೆಯರ ಬಳಗದಲ್ಲಿ ಮುಂದೆ ಜಗತ್ಪ್ರಸಿದ್ಧರಾದ ಹಲವರಿದ್ದರು. ಅವರಲ್ಲಿ ಮಿರ್ಚಾ ಎಲಿಯಾಡ್ ನಮಗೆ ಪರಿಚಿತ. ೧೯೨೮ರಲ್ಲಿ ಭಾರತಕ್ಕೆ ಬಂದು ಕಲ್ಕತ್ತದಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಭಾರತೀಯ ದರ್ಶನಗಳನ್ನು ಓದಿದ, ಯೋಗದ ಮೇಲೆ ಪ್ರಮಾಣಗ್ರಂಥ ಬರೆದ, ದಾಸಗುಪ್ತರ ಮಗಳ ಹೆಸರನ್ನೇ ಇಟ್ಟು ‘ಮೈತ್ರೇಯಿ’ ಎಂಬ ಕಾದಂಬರಿಯನ್ನು ೧೯೩೩ರಲ್ಲಿ ಪ್ರಕಟಿಸಿದ ಎಲಿಯಾಡ್ ಇವನೇ. ಸೆಬಾಸ್ಟಿಯನ್ನನಿಗೆ ಇವನು ಅತ್ಯಂತ ಆಪ್ತ. ಆದರೆ ೧೯೩೭ರ ಹೊತ್ತಿಗೆ ಎಲಿಯಾಡನೂ ಐರನ್ ಗಾರ್ಡಿನ ಪರವಾಗಿ ಬರೆಯುತ್ತಿದ್ದ. ಇಬ್ಬರ ಸ್ನೇಹ ಒಮ್ಮೆಗೇ ಮುರಿಯಲಿಲ್ಲ. ಭೇಟಿಗಳು ಕಡಿಮೆಯಾದವು, ಮಾತಿನ ನಡುವೆ ಮೌನ ಬೆಳೆಯಿತು. ೧೯೪೨ರ ಬೇಸಗೆಯಲ್ಲಿ ಎಲಿಯಾಡ್ ತನ್ನ ರಾಯಭಾರದ ಹುದ್ದೆಯಿಂದ ಬುಕಾರೆಸ್ಟಿಗೆ ಬಂದು ಹೋದ; ಹಳೆಯ ಗೆಳೆಯನನ್ನು ನೋಡಲಿಲ್ಲ. ಅದೇ ಬಳಗದ ಇನ್ನೊಬ್ಬ ಯೂಜೀನ್ ಅಯನೆಸ್ಕೊ. ಕಣ್ಣೆದುರಿಗೇ ಮನುಷ್ಯರು ಒಬ್ಬೊಬ್ಬರಾಗಿ ಘೇಂಡಾಮೃಗಗಳಾಗುವ ಅವನ ೧೯೫೯ರ ನಾಟಕವನ್ನು ಬಲ್ಲವರಿಗೆ, ಅದರ ಬೀಜ ಬಿದ್ದದ್ದು ಈ ಬುಕಾರೆಸ್ಟಿನಲ್ಲಿ ಎಂಬುದನ್ನು ಹೇಳಬೇಕಾದದ್ದಿಲ್ಲ.

ಇವೆಲ್ಲ ನಮಗೆ ತಿಳಿದಿರುವುದು ಸೆಬಾಸ್ಟಿಯನ್ ೧೯೩೫ರಿಂದ ೧೯೪೪ರ ವರೆಗೆ ಬರೆದ ದಿನಚರಿಯಿಂದ. ಅವನು ಅದನ್ನು ಪ್ರಕಟಣೆಗೆಂದು ಬರೆದವನಲ್ಲ. ಅವನ ತಮ್ಮ ಅದನ್ನು ಜೋಪಾನವಾಗಿಟ್ಟು, ೧೯೬೧ರಲ್ಲಿ ದೇಶ ಬಿಡುವಾಗ ರಾಯಭಾರದ ಅಂಚೆಯ ಮೂಲಕ ಗುಟ್ಟಾಗಿ ಹೊರಗೆ ಸಾಗಿಸಿದ. ಅದು ರುಮೇನಿಯಾದಲ್ಲಿ ಅಚ್ಚಾದದ್ದು ೧೯೯೬ರಲ್ಲಿ, ಇಂಗ್ಲಿಷಿನಲ್ಲಿ ಬಂದದ್ದು ೨೦೦೦ದಲ್ಲಿ. ಅಲ್ಲಿಯವರೆಗೆ ಹೊರಗಿನ ಲೋಕಕ್ಕೆ ಸೆಬಾಸ್ಟಿಯನ್ ಎಂದರೆ ಒಂದು ಸವಿಯಾದ ಪ್ರೇಮನಾಟಕದ ಕರ್ತೃ ಮಾತ್ರ. ದಿನಚರಿ ಬಂದ ಮೇಲೆ ಆ ಸವಿಯ ಬೆಲೆ ಏನೆಂದು ತಿಳಿಯಿತು.

ಆ ವರ್ಷಗಳಲ್ಲಿ ನಡೆದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೪೦ರ ಆಗಸ್ಟಿನ ಕಾನೂನು ಯೆಹೂದ್ಯರನ್ನು ನೌಕರಿಗಳಿಂದಲೂ ವೃತ್ತಿಗಳಿಂದಲೂ ಹೊರಗಟ್ಟಿತು. ಸೆಬಾಸ್ಟಿಯನ್ನನ ವಕೀಲಿಯೂ ಹೋಯಿತು, ಪತ್ರಿಕೆಯ ಕೆಲಸವೂ ಹೋಯಿತು. ೧೯೪೧ರ ಜನವರಿಯಲ್ಲಿ ಐರನ್ ಗಾರ್ಡಿನ ದಂಗೆಯ ಸಮಯದಲ್ಲಿ ಬುಕಾರೆಸ್ಟಿನಲ್ಲಿಯೇ ನೂರಕ್ಕೂ ಹೆಚ್ಚು ಯೆಹೂದ್ಯರ ಕೊಲೆಯಾಯಿತು. ಅದೇ ವರ್ಷದ ಜೂನ್ ಕೊನೆಯಲ್ಲಿ ಯಾಶಿ ನಗರದಲ್ಲಿ ನಡೆದ ಹತ್ಯಾಕಾಂಡದಲ್ಲಿ ೧೩,೦೦೦ಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದವರನ್ನು ಸರಕು ಸಾಗಿಸುವ ಗಾಡಿಗಳಲ್ಲಿ ತುಂಬಿ, ಬಾಗಿಲು ಬಿಗಿದು, ಬಿರುಬೇಸಗೆಯಲ್ಲಿ ದಿನಗಟ್ಟಲೆ ಎಳೆದಾಡಿದರು. ಉಸಿರಿಲ್ಲದೆ, ನೀರಿಲ್ಲದೆ ಆ ಡಬ್ಬಿಗಳಲ್ಲಿ ಸಾವಿರಾರು ಜನ ಮಡಿದರು. ಇದರ ಸುದ್ದಿ ರಾಜಧಾನಿಗೆ ಮುಟ್ಟಿತ್ತು. ದಿನಚರಿಯ ಪುಟಗಳಿಗೂ ಮುಟ್ಟಿತು. ಮುಂದೆ ಎರಡೂ ಮುಕ್ಕಾಲು ವರ್ಷಕ್ಕೆ ಅದನ್ನು ಬರೆದ ಕೈಯೇ, ಬೆಳಕು ತುಂಬಿದ ಗಾಡಿಯೊಂದು ಒಂದು ಸಣ್ಣ ನಿಲ್ದಾಣದಲ್ಲಿ ನಿಂತು, ಒಬ್ಬ ತರುಣಿಯನ್ನು ಕ್ಷೇಮವಾಗಿ ಕೆಳಗಿಳಿಸುವ ದೃಶ್ಯವನ್ನು ರಂಗಕ್ಕೆ ಕೊಟ್ಟಿತ್ತು.

ಇನ್ನೊಂದು ಸಂಗತಿ. ಸೆಬಾಸ್ಟಿಯನ್ ಸಂಗೀತದ ಹುಚ್ಚ. ಬಾಖ್, ಮೊಜಾರ್ಟ್, ಬೀಥೊವನ್‌ರನ್ನು ದೂರದ ಊರುಗಳ ರೇಡಿಯೋ ಕೇಂದ್ರಗಳಿಂದ ಹುಡುಕಿ ಹುಡುಕಿ ಕೇಳುತ್ತಿದ್ದ. ಯಾವ ದಿನ ಯಾವ ಕೇಂದ್ರದಿಂದ ಏನು ಕೇಳಿದೆ ಎಂಬುದು ದಿನಚರಿಯ ತುಂಬ ಇದೆ. ೧೯೩೮ರಲ್ಲಿ ರಂಗವೇರಿದ ಅವನ ಮೊದಲ ನಾಟಕ ‘ರಜೆಯ ಆಟ’ದಲ್ಲಿ ನಾಯಕನೊಬ್ಬ ಬೆಟ್ಟದ ಮೇಲಿನ ವಸತಿಗೃಹದಲ್ಲಿ ಲೋಕದ ಗದ್ದಲ ಬೇಡವೆಂದು ಟೆಲಿಫೋನನ್ನೂ ರೇಡಿಯೋವನ್ನೂ ಕೆಡಿಸಿಬಿಡುತ್ತಾನೆ. ಅದು ಆಟ. ಮೂರು ವರ್ಷಗಳ ನಂತರ, ೧೯೪೧ರಲ್ಲಿ, ಯೆಹೂದ್ಯರ ಮನೆಗಳಿಂದ ರೇಡಿಯೋಗಳನ್ನು ಸರ್ಕಾರ ಕಿತ್ತುಕೊಂಡಿತು, ಸೆಬಾಸ್ಟಿಯನ್ನನದೂ ಹೋಯಿತು. ಈ ಮಾತನ್ನು ರೇಡಿಯೋದ ಮುಂದೆ ಕುಳಿತ ಕೇಳುಗರಿಗೆ ವಿವರಿಸಬೇಕಾಗಿಲ್ಲ. ಒಂದೇ ಒಂದು ವಾದ್ಯವಿಲ್ಲದೆ ತನ್ನ ಸಿಂಫನಿಯನ್ನು ಕಿವಿಯಿಂದ ಕೇಳಲಾರದೆ, ಮನಸ್ಸಿನಲ್ಲಿಯೇ ಕೇಳಿಕೊಳ್ಳುವ ಉದ್ರಿಯಾ ಮೇಷ್ಟರು ಎಲ್ಲಿಂದ ಬಂದರು ಎಂದು ನಾನು ಊಹಿಸುವುದು ಇಲ್ಲಿಂದಲೇ.

ಮಿರೋಯುವೂ ಹೀಗೆಯೇ. ಯೆಹೂದ್ಯ ಮಕ್ಕಳನ್ನು ಸರ್ಕಾರದ ಶಾಲೆಗಳಿಂದ ಹೊರಗಟ್ಟಿದ್ದರು. ಸಮುದಾಯದವರು ತಾವೇ ನಡೆಸಿದ ಶಾಲೆಯಲ್ಲಿ ಸೆಬಾಸ್ಟಿಯನ್ ಪಾಠ ಹೇಳಿದ. ಚಳಿಗಾಲದಲ್ಲಿ ಯೆಹೂದ್ಯ ಗಂಡಸರನ್ನು ಬೀದಿಯ ಹಿಮ ಬಾಚಲು ಕಳಿಸುತ್ತಿದ್ದರು. ಬಾಡಿಗೆ, ಊಟ, ಸಾಲ ಇವೇ ಅವನ ನಿತ್ಯದ ಲೆಕ್ಕವಾದವು. ಆ ಲೆಕ್ಕದ ನಡುವೆ, ಮೇಷ್ಟರೊಬ್ಬ ತನ್ನ ಸಂಬಳಕ್ಕೆ ಎಟುಕದ ನಕ್ಷತ್ರಗ್ರಂಥವನ್ನು ತರಿಸಿಕೊಳ್ಳುವ ಕಥೆಯನ್ನು ಅವನು ಹೆಣೆದ.

ಯೆಹೂದ್ಯ ನಟನಟಿಯರ ಗತಿ ಬೇರೆಯಾಗಿರಲಿಲ್ಲ. ಅವರನ್ನು ಎಲ್ಲ ರಂಗಮಂದಿರಗಳಿಂದ ತೆಗೆದುಹಾಕಿದ್ದರು. ೧೯೪೧ರಿಂದ ಬುಕಾರೆಸ್ಟಿನ ಬರಾಶೆಯುಮ್ ಎಂಬ ಒಂದು ರಂಗಮಂದಿರದಲ್ಲಿ ಮಾತ್ರ ಅವರು ಆಡಬಹುದಾಗಿತ್ತು. ಅದೂ ಅವರ ಮನೆಮಾತಾದ ಯಿಡ್ಡಿಷ್‌ನಲ್ಲಿ ಆಡಕೂಡದು. ‘ರಜೆಯ ಆಟ’ದ ನಾಯಕಿಯಾಗಿ ಹೆಸರು ಪಡೆದಿದ್ದ ಲೆನಿ ಕಾಲೆರ್ ಎಂಬ ಪ್ರಸಿದ್ಧ ನಟಿ ಕೂಡ ಅಲ್ಲಿಗೇ ಸೇರಬೇಕಾಯಿತು. ಸೆಬಾಸ್ಟಿಯನ್ನನ ಹೊಸ ನಾಟಕ ಊರಿನ ಸಾಮಾನ್ಯ ರಂಗಮಂದಿರದಲ್ಲಿ ನಡೆಯಬೇಕಾದರೆ ಲೇಖಕ ಮಾಯವಾಗಬೇಕಿತ್ತು. ರಂಗಭೂಮಿಯ ಗೆಳೆಯರು ಗುಟ್ಟನ್ನು ಕಾಪಾಡಿದರು. ವಿಕ್ಟರ್ ಮಿಂಕು ಹುಟ್ಟಿದ. ಗುಟ್ಟು ಹೊರಬಿದ್ದಿದ್ದರೆ ಲೇಖಕನಿಗೆ ಮಾತ್ರವಲ್ಲ, ಅದನ್ನು ಆಡಿಸಿದವರಿಗೂ ಅಪಾಯವಿತ್ತು. ಗೆಳೆಯರು ಕೈಬಿಟ್ಟ ಕಥೆಯನ್ನು ಹೇಳಿದ ಮೇಲೆ, ಕೈಬಿಡದವರೂ ಇದ್ದರು ಎಂಬುದನ್ನು ಹೇಳುವುದು ನ್ಯಾಯ.

ಆ ಪ್ರಯೋಗದಲ್ಲಿ ಮಿರೋಯುವಿನ ಪಾತ್ರ ವಹಿಸಿದವನು ರಾದು ಬೆಲಿಗಾನ್. ಆಗ ಅವನಿಗೆ ೨೫ ವರ್ಷ. ಮುಂದೆ ಬುಕಾರೆಸ್ಟಿನ ರಾಷ್ಟ್ರೀಯ ರಂಗಮಂದಿರದ ನಿರ್ದೇಶಕನಾಗಿ, ರುಮೇನಿಯಾದ ರಂಗಭೂಮಿಯ ಹಿರಿಯನಾಗಿ ಬಾಳಿ ೨೦೧೬ರಲ್ಲಿ ತೀರಿಕೊಂಡ. ನಾಟಕ ಆರಂಭವಾಗಿ ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ ೪ರಂದು, ಅಮೆರಿಕದ ವಿಮಾನಗಳು ಬುಕಾರೆಸ್ಟಿನ ರೈಲು ಪ್ರಾಂಗಣದ ಮೇಲೆ ಬಾಂಬು ಸುರಿದು ಸಾವಿರಾರು ಜನ ಸತ್ತರು. ಆಗಸ್ಟ್ ೨೩ರಂದು ದೊರೆ ಮಿಹಾಯ್ ಸರ್ವಾಧಿಕಾರಿ ಆಂಟೊನೆಸ್ಕುವನ್ನು ಬಂಧಿಸಿದ. ರುಮೇನಿಯಾ ಪಕ್ಷ ಬದಲಿಸಿತು. ಸೆಬಾಸ್ಟಿಯನ್ ಜೀವಂತವಾಗಿ ಉಳಿದಿದ್ದ. ಅವನ ಹೆಸರು ಅವನಿಗೆ ಮರಳಿ ಬಂತು.

ಆ ಹೆಸರನ್ನು ಅವನು ಅನುಭವಿಸಿದ್ದು ಒಂಬತ್ತೇ ತಿಂಗಳು. ೧೯೪೫ರ ಮೇ ೨೯ರಂದು, ಬಾಲ್ಜಾಕನನ್ನು ಕುರಿತು ಉಪನ್ಯಾಸ ಕೊಡಲು ಹೊರಟವನಿಗೆ ಬೀದಿಯಲ್ಲಿ ಒಂದು ಲಾರಿ ಬಡಿಯಿತು. ಯುರೋಪಿನಲ್ಲಿ ಯುದ್ಧ ಮುಗಿದು ಮೂರು ವಾರವಾಗಿತ್ತು. ಅವನಿಗೆ ೩೭ ವರ್ಷ. ‘ಕೊನೆಯ ಗಳಿಗೆಯ ಸುದ್ದಿ’ ಎಂಬ ನಾಟಕ ಅವನು ಸತ್ತ ಮೇಲೆ ೧೯೪೬ರಲ್ಲಿ ರಂಗಕ್ಕೆ ಬಂತು. ‘ದ್ವೀಪ’ ಎಂಬುದು ಅರ್ಧಕ್ಕೆ ನಿಂತಿತು. ದೂರದ ಪೋರ್ಚುಗಲ್ಲಿನಲ್ಲಿ ಸುದ್ದಿ ಕೇಳಿದ ಎಲಿಯಾಡ್ ತನ್ನ ದಿನಚರಿಯಲ್ಲಿ ದುಃಖವನ್ನು ಬರೆದುಕೊಂಡ. ಅದು ಪ್ರಾಮಾಣಿಕ ದುಃಖವೆಂದೇ ನಾನು ನಂಬುತ್ತೇನೆ. ಆದರೆ ೧೯೪೨ರ ಬೇಸಗೆಯಲ್ಲಿ ತಟ್ಟದೇ ಹೋದ ಬಾಗಿಲನ್ನು ಅದು ತಟ್ಟಲಾರದು.

ನಾಟಕ ಮಾತ್ರ ಬದುಕಿತು. ಲೆನಿನ್‌ಗ್ರಾಡಿನಲ್ಲಿ ತೊವ್ಸ್ತೊನೊಗೊವ್ ಎಂಬ ಹೆಸರಾಂತ ನಿರ್ದೇಶಕ ೧೯೫೬ರಲ್ಲಿ ಇದನ್ನು ಆಡಿಸಿದ. ೧೯೬೬ರಲ್ಲಿ ಆನ್ರಿ ಕೊಲ್ಪಿ ಫ್ರೆಂಚಿನಲ್ಲಿ ಚಲನಚಿತ್ರ ಮಾಡಿದ. ೧೯೭೮ರಲ್ಲಿ ಮಿಖಾಯಿಲ್ ಕೊಜಕೊವ್ ರಷ್ಯನ್ ದೂರದರ್ಶನಕ್ಕಾಗಿ ಮಾಡಿದ ಚಿತ್ರ ಆ ದೇಶದಲ್ಲಿ ಮನೆಮಾತಾಯಿತು. ಅದರಲ್ಲಿ ಗ್ರಿಗ್ ಪಾತ್ರವನ್ನು ಕೊಜಕೊವನೇ ವಹಿಸಿದ್ದಾನೆ. ಈ ಪ್ರೇಕ್ಷಕರಲ್ಲಿ ಬಹುಮಂದಿಗೆ ಲೇಖಕನ ಕಥೆ ತಿಳಿದಿರಲಾರದು. ತಿಳಿಯದೆಯೂ ಅವರು ಮಿರೋಯುವನ್ನು ಪ್ರೀತಿಸಿದರು.

ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ಸುತ್ತಲೂ ಊರಿಗೆ ಊರೇ ಉರಿಯುತ್ತಿರುವಾಗ ಪ್ರೇಮನಾಟಕ ಬರೆದವನು ವಾಸ್ತವದಿಂದ ಓಡಿಹೋದವನೇ? ಹಾಗೆ ಹೇಳುವವರು ದಿನಚರಿಯನ್ನು ಓದಬೇಕು. ವಾಸ್ತವವನ್ನು ಅವನಷ್ಟು ನಿಷ್ಠುರವಾಗಿ, ದಿನ ದಿನವೂ, ಕಣ್ಣು ತಿರುಗಿಸದೆ ಬರೆದಿಟ್ಟವರು ಕಡಿಮೆ. ಒಂದೇ ಮೇಜಿನ ಮೇಲೆ ಎರಡು ಬರಹಗಳು ಬೆಳೆದವು. ದಿನಚರಿ ತನಗೆ ಆಗುತ್ತಿರುವುದೇನೆಂದು ಹೇಳಿತು. ನಾಟಕ ತನ್ನಿಂದ ಕಿತ್ತುಕೊಂಡದ್ದು ಏನೆಂದು ಹೇಳಿತು. ಸಣ್ಣ ಊರು, ಅಲ್ಲಿನ ಸಣ್ಣ ಜಗಳಗಳು, ಒಂದು ಪುಸ್ತಕ, ಒಂದು ವಾದ್ಯ, ಅಪರಿಚಿತರಿಗೆ ಬಾಗಿಲು ತೆರೆಯುವ ಒಂದು ಮನೆ. ಹೆಸರಿಲ್ಲದೆ, ಕಾಗದಪತ್ರವಿಲ್ಲದೆ ರಾತ್ರಿಯಲ್ಲಿ ಬಂದಿಳಿದವರನ್ನು ‘ನೀನು ಯಾರ ಪೈಕಿ’ ಎಂದು ಕೇಳದೆ ಒಳಗೆ ಕರೆಯುವುದು ೧೯೪೪ರ ಯುರೋಪಿನಲ್ಲಿ ಕೇವಲ ಪ್ರೇಮದ ಸಂಗತಿಯಾಗಿರಲಿಲ್ಲ. ಕಾಗದಪತ್ರಗಳಿಂದಲೇ ಜನರ ಬದುಕು ಸಾವುಗಳು ತೀರ್ಮಾನವಾಗುತ್ತಿದ್ದ ಕಾಲ ಅದು.

ಆದ್ದರಿಂದಲೇ ಈ ನಾಟಕವನ್ನು ಆಡಿಸುವವರು ಒಂದು ಎಚ್ಚರ ವಹಿಸಬೇಕೆಂದು ನನಗೆ ತೋರುತ್ತದೆ. ಇದನ್ನು ಬರೀ ಬೆಳದಿಂಗಳ ನಾಟಕವಾಗಿ ಕರಗಿಸಬಾರದು. ಲೇಖಕನ ದುರಂತವನ್ನು ತಂದು ಇದರ ಮೇಲೆ ಹೇರಲೂಬಾರದು. ನಗುವ ಕಡೆ ಪ್ರೇಕ್ಷಕ ನಗಬೇಕು. ಕುಮಾರಿ ಕುಕು ಹಾಸ್ಯದ ಗೊಂಬೆಯಾಗದೆ, ತಾನೂ 
ಒಂದು ಕಾಲಕ್ಕೆ ಆ ಗಾಡಿಯ ಬೆಳಕನ್ನು ನೋಡಿರಬಹುದಾದ ಹೆಣ್ಣಾಗಿ ಕಾಣಬೇಕು. ಗ್ರಿಗ್ ದುಷ್ಟನಾಗಿ ಕಂಡರೆ ಮೋನಳ ಆಯ್ಕೆಗೆ ತೂಕವಿರುವುದಿಲ್ಲ, ಅವನಲ್ಲಿಯೂ ಸೆಳೆತವಿರಬೇಕು. ಕೊನೆಯಲ್ಲಿ ಮಿರೋಯು ಅಳಬಾರದು. ಅವನು ಮತ್ತೆ ಪುಸ್ತಕದ ಕಡೆಗೆ ತಿರುಗಿದರೆ ಸಾಕು.

ಮಿರೋಯುವಿನ ನಕ್ಷತ್ರವನ್ನು ಯಾರೂ ನೋಡಿರಲಿಲ್ಲ. ಆದರೂ ಅದು ಇದೆ ಎಂದು ಅವನು ಬಲ್ಲ. ಸುತ್ತಲಿನ ನಕ್ಷತ್ರಗಳ ಲೆಕ್ಕ ಅದಿಲ್ಲದೆ ಸರಿಹೋಗುವುದಿಲ್ಲ. ೧೯೪೪ರ ಆ ಸಂಜೆ ಅಲ್ಹಾಂಬ್ರಾದಲ್ಲಿ ಕುಳಿತಿದ್ದ ಪ್ರೇಕ್ಷಕರು ವಿಕ್ಟರ್ ಮಿಂಕು ಎಂಬ ಹೆಸರನ್ನು ಓದಿ ನಾಟಕ ನೋಡಿ ಮನೆಗೆ ಹೋದರು. ಅವರಲ್ಲಿ ಸೂಕ್ಷ್ಮವಾದ ಕಿವಿಯುಳ್ಳ ಕೆಲವರಿಗಾದರೂ, ಈ ಮಾತಿನ ಹದವನ್ನು ಎಲ್ಲಿಯೋ ಕೇಳಿದ್ದೇವಲ್ಲ, ಇದರ ಹಿಂದೆ ಬೇರೆ ಯಾರೋ ಇರಬೇಕಲ್ಲ ಎಂದು ಅನಿಸಿರಬಹುದೇ? ಅನಿಸಿದ್ದರೆ, ಅವರು ಕೂಡ ಮಿರೋಯುವಿನ ಹಾಗೆಯೇ ಕಾಣದ ಒಬ್ಬನನ್ನು ಲೆಕ್ಕದಿಂದ ಕಂಡರು ಎನ್ನಬೇಕು.